ಲೆಕ್ಕಣಿಕೆಯಿಂದ ಗಣಕಯಂತ್ರಕ್ಕೆ

ಕನ್ನಡನಾಡಿನ ಶಾನುಭೋಗರೂ ವರ್ತಕರೂ ಮಠಗಳ ಪಾರುಪತ್ಯಗಾರರೂ ಬಹುಕಾಲ ಲೆಕ್ಕವನ್ನು ಬರೆದಿಟ್ಟದ್ದು ಕಡತಗಳಲ್ಲಿ. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಗಟ್ಟಿಮಾಡಿದ ಆ ಕಪ್ಪು ಬಟ್ಟೆಯ ಮಡಿಕೆಗಳ ಮೇಲೆ ಬಳಪದಿಂದ ಬರೆದುದನ್ನು ಒರೆಸಿ ಮತ್ತೆ ಬರೆಯಲು ಸಾಧ್ಯವಿದ್ದುದರಿಂದ, ಲೆಕ್ಕದ ಪ್ರಾಮಾಣ್ಯವು ಬಹುಮಟ್ಟಿಗೆ ಬರೆದವನ ಸತ್ಯನಿಷ್ಠೆಯನ್ನೇ ಆಶ್ರಯಿಸಿತ್ತು. ಇಟಲಿಯ ಲೂಕಾ ಪಾಚೋಲಿ 1494ರಲ್ಲಿ ವೆನಿಸಿನಲ್ಲಿ ಅಚ್ಚುಹಾಕಿಸಿದ ಗಣಿತಗ್ರಂಥದಲ್ಲಿ ವಿವರಿಸಿದ ಜೋಡಿನಮೂದಿನ ಪದ್ಧತಿಯು ಕಂಪನಿ, ಬ್ಯಾಂಕುಗಳ ಮೂಲಕ ಇಲ್ಲಿಯೂ ನೆಲೆಗೊಂಡು, ಸ್ವಾತಂತ್ರ್ಯಾನಂತರ 1949ರ ಕಾಯಿದೆಯಿಂದ ಲೆಕ್ಕಪರಿಶೋಧಕರ ರಾಷ್ಟ್ರೀಯ ಸಂಸ್ಥೆಯೂ ಸ್ಥಾಪಿತವಾಯಿತು.

ಮುಂದಿನ ದೊಡ್ಡ ಪರಿವರ್ತನೆಯಲ್ಲಿ ಬೆಂಗಳೂರಿನ ಪಾತ್ರ ಹಿರಿದು. ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ದೊರೆಯದೆ ಶ್ಯಾಮಸುಂದರ ಗೋಯೆಂಕಾ ಅವರು ಮಗ ಭರತ್ ಗೋಯೆಂಕಾ ಅವರಿಂದಲೇ ಅದನ್ನು ಬರೆಯಿಸಿ, 1986ರಲ್ಲಿ ಇಲ್ಲಿ ಆರಂಭಿಸಿದ ಸಂಸ್ಥೆಯ ಕೃತಿಯೇ ಮುಂದೆ ‘ಟ್ಯಾಲಿ’ ಎಂದು ಅಂಗಡಿ ಅಂಗಡಿಗೂ ಪರಿಚಿತವಾದುದು. ರೋಜು ಬರೆದು, ಖಾತೆಗೆ ಏರಿಸಿ, ಶಿಲ್ಕು ತೆಗೆದು, ತಾಳೆಪಟ್ಟಿ ಕೂಡಿಸಲು ಗುಮಾಸ್ತರು ರಾತ್ರಿ ಜಾಗರಣೆ ಮಾಡುತ್ತಿದ್ದ ಕಾರ್ಯವೆಲ್ಲ ಒಂದು ನಮೂದಿನ ಬೆನ್ನಿಗೇ ತಾನಾಗಿ ನೆರವೇರತೊಡಗಿತು. ವಾಣಿಜ್ಯ ಪದವೀಧರನಿಗೆ ಉದ್ಯೋಗದಾತನ ಮೊದಲ ಪ್ರಶ್ನೆಯೂ ‘ಟ್ಯಾಲಿ ಬರುತ್ತದೆಯೆ?’ ಎಂದಾಯಿತು.

2017ರ ಜುಲೈ 1ರಂದು ಜಿಎಸ್‌ಟಿ ಜಾರಿಗೆ ಬಂದಮೇಲೆ, ಕೊಂಡವನಿಗೆ ಸಲ್ಲಬೇಕಾದ ತೆರಿಗೆಯ ಜಮೆಯು ಮಾರಿದವನು ಸಲ್ಲಿಸುವ ವಿವರವನ್ನು ಅವಲಂಬಿಸಿತಾಗಿ, ಗುಮಾಸ್ತನ ದಿನವು ಬರೆವಣಿಗೆಯಿಂದ ತಾಳೆನೋಟಕ್ಕೆ, ಹೊಂದದಿರುವ ಬಿಲ್ಲನ್ನು ಹುಡುಕಿ ಕಾರಣ ಕೇಳುವುದಕ್ಕೆ ಹೊರಳಿತು. ಇದಕ್ಕಿಂತಲೂ ಗಹನವೆಂದು ನನಗೆ ತೋರುವುದು 2023ರ ಏಪ್ರಿಲ್ 1ರಿಂದ ಕಂಪನಿಗಳಿಗೆ ಅನ್ವಯಿಸಿದ ನಿಯಮ: ನಮೂದಿನಲ್ಲಿ ಮಾಡಿದ ಪ್ರತಿಯೊಂದು ತಿದ್ದುಪಡಿಯನ್ನೂ ಅದರ ದಿನಾಂಕವನ್ನೂ ತಂತ್ರಾಂಶವೇ ದಾಖಲಿಸಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸಲಾಗದು, ಅದು ವರ್ಷವಿಡೀ ನಡೆದಿತ್ತೆ ಎಂಬುದನ್ನು ಪರಿಶೋಧಕನು ವರದಿಯಲ್ಲಿ ಹೇಳಬೇಕು. ಕಡತದಂತೆಯೇ ಕುರುಹುಳಿಯದೆ ಅಳಿಸಲು ಎಡೆಗೊಟ್ಟಿದ್ದ ಎಷ್ಟೋ ತಂತ್ರಾಂಶಗಳಿಗೆ ಇದರಿಂದ ಸ್ಮೃತಿ ಬಂದಂತಾಯಿತು.

ಆದರೆ ವಿದ್ಯಾಭ್ಯಾಸದ ವಿಷಯದಲ್ಲಿ ನನಗೆ ಅಷ್ಟು ಸಮಾಧಾನವಿಲ್ಲ. ಚೀಟಿಗಳನ್ನು ಒಂದೊಂದಾಗಿ ತಿರುವಿಹಾಕುವ ಆ ನೀರಸ ದುಡಿಮೆಯಲ್ಲಿಯೇ ಕಿರಿಯ ಪರಿಶೋಧಕನ ಕಣ್ಣು ಹದಗೊಳ್ಳುತ್ತಿತ್ತು, ಯಾವ ಖರ್ಚು ಸಹಜ, ಯಾವುದು ಶಂಕಾಸ್ಪದ ಎಂಬ ವಿವೇಕ ಮೂಡುತ್ತಿತ್ತು; ಆ ದುಡಿಮೆಯನ್ನು ಯಂತ್ರವು ವಹಿಸಿಕೊಳ್ಳುತ್ತಿರುವ ಈ ಹೊತ್ತಿನಲ್ಲಿಯೇ, 2023ರ ಹೊಸ ಶಿಕ್ಷಣಕ್ರಮವು ಲೆಕ್ಕಪರಿಶೋಧಕ ವಿದ್ಯಾರ್ಥಿಯ ಕಚೇರಿ ಅಭ್ಯಾಸವನ್ನು ಮೂರು ವರ್ಷದಿಂದ ಎರಡಕ್ಕೆ ಇಳಿಸಿದೆ. ಗಣಕ ತರಬೇತಿಯು ಆ ಪಾಠಕ್ರಮದ ಕಡ್ಡಾಯ ಅಂಗವಾಗಿರುವುದು ಯುಕ್ತವೇ. ಆದರೆ ಯಾವ ಖಾತೆಗೆ ಖರ್ಚು, ಯಾವುದಕ್ಕೆ ಜಮೆ, ಅದೇಕೆ ಎಂಬುದನ್ನರಿಯದೆ ಕೀಲಿ ಒತ್ತಲು ಕಲಿತವನು, ಯಂತ್ರವು ಎರಡು ಬದಿಗಳನ್ನೂ ಸರಿದೂಗಿಸಿ ತೋರಿಸಿದ ತಪ್ಪನ್ನು ಕಂಡುಹಿಡಿಯಲಾರನು. ಕಾಲೇಜುಗಳು ಮೊದಲ ವರ್ಷದಲ್ಲಿ ಒಂದು ಸಣ್ಣ ಸಹಕಾರ ಸಂಘದ ಇಡೀ ವರ್ಷದ ವ್ಯವಹಾರವನ್ನು ವಿದ್ಯಾರ್ಥಿಯ ಕೈಯಿಂದಲೇ ಬರೆಯಿಸಿ, ಕೊನೆಯ ವರ್ಷದಲ್ಲಿ ಬೇಕೆಂದೇ ತಪ್ಪುಗಳನ್ನಡಗಿಸಿದ ಗಣಕದ ಲೆಕ್ಕವೊಂದನ್ನು ಅವನ ಮುಂದಿಟ್ಟು, ಆ ತಪ್ಪುಗಳನ್ನು ಹುಡುಕುವುದನ್ನೇ ಪರೀಕ್ಷೆಯಾಗಿ ಮಾಡಲಿ.