ತಿರುವಿನಲ್ಲಿ ಹಾರ್ನ್ ಮಾಡಿ

ನಮ್ಮೂರು ಹಿರೇಕೊಡಿಗೆ, ಕೊಪ್ಪ ತಾಲೂಕು. ಬೆಂಗಳೂರಲ್ಲಿ ಯಾರಾದ್ರೂ ಕೇಳಿದ್ರೆ "ಕುವೆಂಪು ಹುಟ್ಟಿದ ಊರು" ಅಂತೀನಿ. ಅಷ್ಟಕ್ಕೂ ಗೊತ್ತಾಗದಿದ್ರೆ "ಶೃಂಗೇರಿ ಹತ್ರ" ಅಂತ ಹೇಳಿ ಮುಗಿಸ್ತೀನಿ. ನಾನು ಹೈಸ್ಕೂಲಿಗೆ ಹೋಗಿ ಬಂದಿದ್ದೆಲ್ಲ ಬಸ್ಸಿನಲ್ಲೇ. ಡ್ರೈವರ್ ಪಕ್ಕದ ಎಂಜಿನ್ ಪೆಟ್ಟಿಗೆ ಮೇಲೆ ಕೂರೋದು ಅಂದ್ರೆ ನನಗೆ ಸಿಂಹಾಸನ ಸಿಕ್ಕಷ್ಟು ಖುಷಿ. ಒಂದು ದಿನ, ಪ್ರತಿ ತಿರುವಿನಲ್ಲೂ ಹಾರ್ನ್ ಹೊಡೀತಿದ್ದ ಡ್ರೈವರಣ್ಣನ್ನ ಕೇಳಿಯೇ ಬಿಟ್ಟೆ.

"ಎದುರಿಗೆ ಯಾರೂ ಇಲ್ವಲ್ಲ ಅಣ್ಣ, ಎಂತಕ್ಕೆ ಹಾರ್ನ್ ಹೊಡೀತೀರಿ?"

"ಇಲ್ಲ ಅಂತ ನಿಂಗೆ ಹೆಂಗೆ ಗೊತ್ತು ಮಾರಾಯ? ಕಾಣ್ತಿಲ್ಲ ಅಷ್ಟೇ."

ಇನ್ನೊಂದು ವಿಷಯ ಗಮನಿಸಿದ್ದೆ. ದೊಡ್ಡ ತಿರುವು ಬಂತು ಅಂದ್ರೆ ಅವರು ಹಾರ್ನ್ ಹೊಡೆಯುವುದರ ಜೊತೆಗೆ ಟೇಪ್‌ರೆಕಾರ್ಡರಿನ ಸೌಂಡನ್ನೂ ಕಮ್ಮಿ ಮಾಡ್ತಿದ್ರು. ಎದುರಿನವನ ಹಾರ್ನ್ ಕೇಳಬೇಕಲ್ಲ!

ಈ ಮಾತು ನೆನಪಾಗಿದ್ದು ಕೆಲವು ವರ್ಷಗಳ ಹಿಂದೆ, ಒಬ್ಬ ಗೆಳೆಯನಿಂದ. ನನ್ನ ಜೊತೆ ಒಂದೇ ರೂಮಿನಲ್ಲಿದ್ದವನು. ಸಾಫ್ಟ್‌ವೇರ್ ಕೆಲಸ ಬಿಟ್ಟು, ಅಪ್ಪನ ಹತ್ತಿರ ಬೈಸಿಕೊಂಡು, ಸಾಲ ಮಾಡಿ ಪೈಲಟ್ ಟ್ರೈನಿಂಗಿಗೆ ಸೇರಿದ. ಒಂದು ರಾತ್ರಿ ಫೋನ್ ಮಾಡಿದ. ದನಿ ಸರಿ ಇರಲಿಲ್ಲ. ಅವತ್ತು ಬೆಳಿಗ್ಗೆ ಒಬ್ಬನೇ ಸೆಸ್ನಾ ಹಾರಿಸುತ್ತಾ ರನ್‌ವೇಗೆ ಇಳಿಯಲು ತಿರುಗುತ್ತಿದ್ದಾಗ, ಅವನ ರೆಕ್ಕೆಯ ಕೆಳಗಿನಿಂದ ಇನ್ನೊಂದು ಸೆಸ್ನಾ ನುಗ್ಗಿ ಹೋಯಿತಂತೆ. "ಅವನ ತಲೆ ಮೇಲಿದ್ದ ಹೆಡ್‌ಸೆಟ್ಟಿನ ಬಣ್ಣ ಕಾಣ್ತು ಕಣೋ" ಅಂದ. ಇಬ್ಬರೂ ರೇಡಿಯೋದಲ್ಲಿ ತಾವೆಲ್ಲಿದ್ದೀವಿ ಅಂತ ಹೇಳಿದ್ದರು. ಇಬ್ಬರಿಗೂ ಇನ್ನೊಬ್ಬ ಎಲ್ಲಿದ್ದಾನೆ ಅಂತ ಗೊತ್ತಿದೆ ಅನ್ನೋ ನಂಬಿಕೆಯೂ ಇತ್ತು.

"ನಿಮ್ಮ ವಿಮಾನದಲ್ಲಿ ವಾರ್ನಿಂಗ್ ಕೊಡೋ ಡಬ್ಬಿ ಇರಲ್ವಾ?" ಅಂತ ಕೇಳಿದೆ. "ಅದು ದೊಡ್ಡವರಿಗೆ ಮಾತ್ರ" ಅಂದ. ಆ ಉತ್ತರ ತಲೆಯಲ್ಲೇ ಕೂತಿತು. ದೊಡ್ಡವರಿಗೆ ಮಾತ್ರ ಅಂತ ಯಾಕಾಯ್ತು, ಚಿಕ್ಕವರು ಏನು ಮಾಡಿಕೊಂಡರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ವಿಮಾನ ಹುಟ್ಟಿದಾಗಿನಿಂದ ಡಿಕ್ಕಿ ತಪ್ಪಿಸಲು ಇದ್ದ ಮೊದಲ ನಿಯಮ ಬಹಳ ಸರಳ: ನೋಡು, ತಪ್ಪಿಸು. ಕಣ್ಣಿದೆಯಲ್ಲ, ಇಷ್ಟಗಲ ಆಕಾಶ ಇದೆಯಲ್ಲ! ಆದರೆ ಸ್ವಲ್ಪ ಲೆಕ್ಕ ಹಾಕಿ ನೋಡಿ. ಗಂಟೆಗೆ 185 ಕಿಲೋಮೀಟರ್ ವೇಗದ ಎರಡು ಸೆಸ್ನಾಗಳು ಎದುರುಬದುರಾದರೆ ನಡುವಿನ ದೂರ ಸೆಕೆಂಡಿಗೆ ಸುಮಾರು 100 ಮೀಟರ್ ಕರಗುತ್ತದೆ. ಎದುರಿನದ್ದನ್ನು ಕಂಡು, ಅದು ವಿಮಾನ ಅಂತ ಗುರುತಿಸಿ, ಡಿಕ್ಕಿಯಾಗುತ್ತೆ ಅಂತ ಅರಿತು, ಕೈ ಆಡಿಸಿ, ವಿಮಾನ ನಿಜವಾಗಿ ತಿರುಗಲು ಒಟ್ಟು 12.5 ಸೆಕೆಂಡ್ ಬೇಕು ಅಂತ ಅಮೆರಿಕದ ವಿಮಾನಯಾನ ಇಲಾಖೆಯ ಲೆಕ್ಕ. ಅಂದರೆ ಒಂದೂಕಾಲು ಕಿಲೋಮೀಟರ್ ದೂರದಲ್ಲೇ ಕಾಣಬೇಕು. ಅಷ್ಟು ದೂರದಲ್ಲಿ ಸೆಸ್ನಾದ 11 ಮೀಟರ್ ರೆಕ್ಕೆ ನಮ್ಮ ಕಣ್ಣಿಗೆ ಹುಣ್ಣಿಮೆ ಚಂದ್ರನಷ್ಟು ಅಗಲ. ಆದರೆ ಚಂದ್ರನ ಹಾಗೆ ದುಂಡಗಲ್ಲ, ಒಂದು ತೆಳು ಗೆರೆ. ಇನ್ನೂ ಕೆಟ್ಟ ಸಂಗತಿ ಏನಂದ್ರೆ, ಡಿಕ್ಕಿ ಹೊಡೆಯಲಿರುವ ವಿಮಾನ ಗಾಜಿನಲ್ಲಿ ಆಚೀಚೆ ಸರಿಯುವುದೇ ಇಲ್ಲ. ನಿಂತ ಚುಕ್ಕೆಯ ಹಾಗೆ ಒಂದೇ ಕಡೆ ಇದ್ದು, ಕೊನೆಗೆ ಒಮ್ಮೆಲೇ ದೊಡ್ಡದಾಗುತ್ತದೆ. ಚಲಿಸುವುದನ್ನು ಬೇಗ ಹಿಡಿಯುವ ನಮ್ಮ ಕಣ್ಣು ಇದನ್ನೇ ಬಿಟ್ಟುಬಿಡುತ್ತದೆ.

ಈ ನಿಯಮ ಸಾಲದು ಅಂತ ಜಗತ್ತಿಗೆ ಗೊತ್ತಾಗಿದ್ದು ಹೆಣಗಳ ಲೆಕ್ಕದಿಂದ. 1956ರ ಜೂನ್ 30ರಂದು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಮೇಲೆ ಎರಡು ಪ್ರಯಾಣಿಕ ವಿಮಾನ ಡಿಕ್ಕಿಯಾಗಿ 128 ಜನ ಸತ್ತರು. 1978ರಲ್ಲಿ ಸ್ಯಾನ್ ಡಿಯಾಗೋ ಊರಿನ ಮೇಲೆ ಬೋಯಿಂಗ್ 727 ಒಂದು ಪುಟ್ಟ ಸೆಸ್ನಾಕ್ಕೆ ಬಡಿಯಿತು. ಬೋಯಿಂಗ್‌ನವರು ಸೆಸ್ನಾವನ್ನು ಮೊದಲು ಕಂಡಿದ್ದರು, ಆಮೇಲೆ ಕಣ್ತಪ್ಪಿತು. ಸತ್ತವರು 144 ಜನ. 1986ರಲ್ಲಿ ಲಾಸ್ ಏಂಜಲೀಸ್ ಬಳಿಯ ಸೆರಿಟೋಸ್‌ನಲ್ಲಿ ಇನ್ನೊಂದು ಪುಟ್ಟ ವಿಮಾನ, ಇನ್ನೊಂದು ಜೆಟ್, 82 ಸಾವು. ಇದಾದ ಮೇಲೆ, 1987ರಲ್ಲಿ, ಅಮೆರಿಕ ಕಾನೂನು ಮಾಡಿ ದೊಡ್ಡ ವಿಮಾನಗಳಿಗೆ ಟಿಕಾಸ್ ಎಂಬ ಯಂತ್ರವನ್ನು ಕಡ್ಡಾಯ ಮಾಡಿತು.

ಟಿಕಾಸ್ ನಿಂತಿರುವುದು ಟ್ರಾನ್ಸ್‌ಪಾಂಡರ್ ಮೇಲೆ. ಎರಡನೇ ಮಹಾಯುದ್ಧದಲ್ಲಿ ರಾಡಾರಿನಲ್ಲಿ ಕಂಡ ವಿಮಾನ ನಮ್ಮದೋ ಶತ್ರುವಿನದ್ದೋ ಅಂತ ತಿಳಿಯಲು ಹುಟ್ಟಿದ ತಂತ್ರ ಅದು. "ಯಾರಲ್ಲಿ?" ಅಂತ ಕೇಳಿದರೆ ತನ್ನಷ್ಟಕ್ಕೆ ಉತ್ತರಿಸುವ ರೇಡಿಯೋ. ಟಿಕಾಸ್ ಸುತ್ತಲಿನ ಟ್ರಾನ್ಸ್‌ಪಾಂಡರ್‌ಗಳನ್ನೆಲ್ಲ ತಾನೇ ಕೇಳುತ್ತದೆ, ಉತ್ತರ ಬರಲು ಹಿಡಿದ ಸಮಯದಿಂದ ದೂರ ಲೆಕ್ಕ ಹಾಕುತ್ತದೆ, ಅಪಾಯ ಹತ್ತಿರ ಬಂದರೆ "ಮೇಲೆ ಹೋಗು", "ಕೆಳಗೆ ಇಳಿ" ಅಂತ ಪೈಲಟ್‌ಗೆ ಅಪ್ಪಣೆ ಕೊಡುತ್ತದೆ.

ನಮ್ಮ ದೇಶ ಪಾಠ ಕಲಿತದ್ದು 1996ರ ನವೆಂಬರ್ 12ರ ಸಂಜೆ, ಹರಿಯಾಣದ ಚರ್ಖಿ ದಾದ್ರಿಯಲ್ಲಿ. ದೆಹಲಿಯಿಂದ ಏರುತ್ತಿದ್ದ ಸೌದಿಯ ಬೋಯಿಂಗ್ 747ಕ್ಕೆ 14,000 ಅಡಿಯಲ್ಲಿ ಇರಲು ಹೇಳಿದ್ದರು. ಇಳಿಯುತ್ತಿದ್ದ ಕಜಕಿಸ್ತಾನದ ವಿಮಾನಕ್ಕೆ 15,000. ಏರುವವರಿಗೂ ಇಳಿಯುವವರಿಗೂ ಇದ್ದದ್ದು ಒಂದೇ ದಾರಿ. ಕಜಕ್ ವಿಮಾನ ತನ್ನ ಎತ್ತರಕ್ಕಿಂತ ಕೆಳಗಿಳಿಯಿತು. ಆಗಿನ ದೆಹಲಿ ರಾಡಾರ್ ವಿಮಾನ ಎಲ್ಲಿದೆ ಅಂತ ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಅಂತ ಅಲ್ಲ. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ನಮ್ಮಲ್ಲೂ ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಟಿಕಾಸ್ ಕಡ್ಡಾಯವಾಯಿತು.

ಹಾಗಾದ್ರೆ ಸ್ಯಾನ್ ಡಿಯಾಗೋದಲ್ಲಿ, ಸೆರಿಟೋಸ್‌ನಲ್ಲಿ ಸತ್ತ ಪುಟ್ಟ ವಿಮಾನದವರ ಕಥೆ? ಅವರ ಥರದವರಿಗೆ ಏನೂ ಸಿಗಲಿಲ್ಲ. ಟಿಕಾಸ್‌ನ ಬೆಲೆಗೆ ಹಳೇ ಸೆಸ್ನಾವನ್ನೇ ಕೊಳ್ಳಬಹುದು. ತೂಕ, ಆಂಟೆನಾ, ಕರೆಂಟು ಯಾವುದೂ ಅದಕ್ಕೆ ಹೊಂದುವಂಥದ್ದಲ್ಲ.

ಇಲ್ಲಿಂದ ಮುಂದಿನದ್ದು ನನ್ನಂಥ ಎಂಜಿನಿಯರಿಗೆ ಇಷ್ಟವಾಗುವ ಭಾಗ. ಚಿಕ್ಕವರು ಕಾಯಲಿಲ್ಲ.

ಮೊದಲು ಬಂದದ್ದು ಡ್ಯಾಶ್‌ಬೋರ್ಡ್ ಮೇಲೆ ಇಡುವ ಅಂಗೈ ಅಗಲದ ಡಬ್ಬಿ. ತಾನಾಗಿ ಏನೂ ಕೇಳುವುದಿಲ್ಲ, ಬರೀ ಕಿವಿಗೊಟ್ಟು ಕೂರುತ್ತದೆ. ಅಕ್ಕಪಕ್ಕದ ಟ್ರಾನ್ಸ್‌ಪಾಂಡರ್ ಯಾರಿಗೋ ಉತ್ತರಿಸುವಾಗ ಕದ್ದು ಕೇಳಿ, ಸಿಗ್ನಲ್ ಎಷ್ಟು ಜೋರಿದೆ ಅನ್ನುವುದರ ಮೇಲೆ ದೂರ ಅಂದಾಜಿಸುತ್ತದೆ. ಬಡವರ ಟಿಕಾಸ್ ಅನ್ನಿ. ಆದರೆ ಹೆಚ್ಚಿನ ಮಾಡೆಲ್‌ಗಳಿಗೆ ದಿಕ್ಕು ಗೊತ್ತಾಗುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ತೊಂದರೆ: "ಯಾರಲ್ಲಿ?" ಅಂತ ಕೇಳುವ ರಾಡಾರೋ ಟಿಕಾಸ್ ಇರುವ ವಿಮಾನವೋ ಆ ಸುತ್ತಿನಲ್ಲಿ ಇಲ್ಲದಿದ್ದರೆ ಹಳೇ ಮಾದರಿಯ ಟ್ರಾನ್ಸ್‌ಪಾಂಡರ್‌ಗಳು ಬಾಯಿ ಬಿಡುವುದಿಲ್ಲ. ಆಗ ಡಬ್ಬಿಯೂ ಗಪ್‌ಚುಪ್. ನೋಡುವವನಿಗೆ ಆಕಾಶ ಖಾಲಿ ಇದ್ದಂತೆ.

2004ರ ಹೊತ್ತಿಗೆ ಸ್ವಿಟ್ಜರ್ಲೆಂಡಿನಲ್ಲಿ ಫ್ಲಾರ್ಮ್ ಬಂತು. ಮಾಡಿದವರು ದೊಡ್ಡ ಕಂಪನಿಯವರಲ್ಲ, ಎಂಜಿನ್ ಇಲ್ಲದ ಗ್ಲೈಡರ್ ಹಾರಿಸುವ ಪೈಲಟ್‌ಗಳೇ. ಗ್ಲೈಡರ್‌ಗಳು ಬಿಸಿಗಾಳಿಯ ಸುಳಿಯಲ್ಲಿ ಹದ್ದುಗಳ ಹಾಗೆ ಹತ್ತಿರ ಹತ್ತಿರವೇ ಸುತ್ತುತ್ತವೆ. ಮಾಮೂಲಿ ಯಂತ್ರ ಅಲ್ಲಿದ್ದರೆ ಇಡೀ ದಿನ ಕಿರುಚುತ್ತಿರುತ್ತದೆ. ಫ್ಲಾರ್ಮ್ ಜಿಪಿಎಸ್‌ನಿಂದ ತನ್ನ ಜಾಗ ತಿಳಿದು, ಮುಂದಿನ ಕೆಲವು ಸೆಕೆಂಡ್ ಎಲ್ಲಿರುತ್ತೇನೆ ಅಂತ ಲೆಕ್ಕ ಹಾಕಿ, ಅದನ್ನು ಸಣ್ಣ ರೇಡಿಯೋದಲ್ಲಿ ಸಾರುತ್ತದೆ. ಇನ್ನೊಂದು ಫ್ಲಾರ್ಮ್‌ನ ದಾರಿಗೆ ತನ್ನ ದಾರಿ ಅಡ್ಡ ಬಂದರೆ ಮಾತ್ರ ಕೂಗುತ್ತದೆ. ನನಗೆ ನಮ್ಮ ಕೊಪ್ಪದ ಸಹಕಾರ ಸಾರಿಗೆ ನೆನಪಾಯಿತು. ಕಂಪನಿ ಮುಚ್ಚಿದಾಗ 1991ರಲ್ಲಿ ಕಾರ್ಮಿಕರೇ ಸೇರಿ ಬಸ್ಸು ಓಡಿಸಿದರಲ್ಲ, ಆ ಥರ. ದಾರಿಯ ಕಷ್ಟ ಗೊತ್ತಿರುವುದು ಸ್ಟೇರಿಂಗ್ ಹಿಡಿದವನಿಗೆ.

ಆಮೇಲಿನದ್ದು ಎಡಿಎಸ್-ಬಿ. ಇದರಲ್ಲಿ ಯಾರೂ ಕೇಳಬೇಕಾಗಿಲ್ಲ. ವಿಮಾನವೇ ಸೆಕೆಂಡಿಗೆ ಸುಮಾರು ಎರಡು ಸಲ "ನಾನು ಇಂಥವನು, ಇಲ್ಲಿದ್ದೀನಿ, ಇಷ್ಟು ಎತ್ತರದಲ್ಲಿದ್ದೀನಿ" ಅಂತ 1090 ಮೆಗಾಹರ್ಟ್ಸ್‌ನಲ್ಲಿ ಹೇಳಿಕೊಳ್ಳುತ್ತದೆ. ಫೋನಿನಲ್ಲಿ ವಿಮಾನಗಳ ಮ್ಯಾಪ್ ನೋಡುತ್ತೀರಲ್ಲ, ಅದರ ಮೂಲ ಬಹುಪಾಲು ಇದೇ. 2012ರ ಸುಮಾರಿಗೆ, ಟಿವಿ ನೋಡಲು ಮಾಡಿದ್ದ ಅಗ್ಗದ ಯುಎಸ್‌ಬಿ ಡಾಂಗಲ್ ಬೇರೆ ರೇಡಿಯೋ ಸಿಗ್ನಲ್‌ಗಳನ್ನೂ ಹಿಡಿಯಬಲ್ಲದು ಅಂತ ಹವ್ಯಾಸಿಗಳು ಕಂಡುಕೊಂಡರು. ಅದರಿಂದ ವಿಮಾನದ ಮಾತು ಬಿಡಿಸುವ ಡಂಪ್ 1090 ಎಂಬ ಪ್ರೋಗ್ರಾಮ್ ಬರೆದದ್ದು ಸಾಲ್ವತೋರೆ ಸಾನ್‌ಫಿಲಿಪ್ಪೊ. ಹೌದು, ನಾವು ಆಫೀಸಿನಲ್ಲಿ ದಿನಾ ಬಳಸುವ ರೆಡಿಸ್ ಬರೆದವರೇ! ಮುಂದೆ ಡಾಂಗಲ್ಲಿಗೆ ರಾಸ್‌ಬೆರಿ ಪೈ ಜೋಡಿಸಿ, ಟ್ಯಾಬ್ಲೆಟ್ಟಿನಲ್ಲಿ ಸುತ್ತಲಿನ ವಿಮಾನ ತೋರಿಸುವ ಸ್ಟ್ರಾಟಕ್ಸ್ ಹುಟ್ಟಿತು. ಪೂರ್ತಿ ಓಪನ್ ಸೋರ್ಸ್.

ನಮ್ಮ ರಾಜ್ಯಕ್ಕೆ ಇದೆಲ್ಲ ಯಾಕೆ ಬೇಕು? ಜಕ್ಕೂರು ನೋಡಿ. ನಮ್ಮ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇರುವ ಜಾಗ. ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಉತ್ತರಕ್ಕೆ 2008ರಿಂದ ದೇವನಹಳ್ಳಿಯ ದೊಡ್ಡ ನಿಲ್ದಾಣ, ದಕ್ಷಿಣಕ್ಕೆ ಎಚ್‌ಎಎಲ್. ನಡುವೆ ಕಲಿಯುವ ಹುಡುಗರ ಪುಟ್ಟ ವಿಮಾನ. ಬೆಳಗಾವಿ, ಕಲಬುರಗಿಗಳಲ್ಲೂ ಈಗ ಫ್ಲೈಯಿಂಗ್ ಸ್ಕೂಲುಗಳಿವೆ. 2023ರಲ್ಲಿ ಶಿವಮೊಗ್ಗದ ಸೋಗಾನೆಯಲ್ಲೂ ವಿಮಾನ ಇಳಿಯಲು ಶುರುವಾಯಿತು. ದೊಡ್ಡವರೂ ಸಂಪೂರ್ಣ ಸುರಕ್ಷಿತ ಅಂತಲ್ಲ. 2022ರ ಜನವರಿ 7ರ ಬೆಳಿಗ್ಗೆ ದೇವನಹಳ್ಳಿಯ ಎರಡು ಸಮಾನಾಂತರ ರನ್‌ವೇಗಳಿಂದ ಒಟ್ಟೊಟ್ಟಿಗೆ ಎದ್ದ ಎರಡು ವಿಮಾನಗಳು ಒಂದರ ಕಡೆಗೊಂದು ತಿರುಗಿದವು. ರಾಡಾರ್ ನೋಡುತ್ತಿದ್ದ ಅಧಿಕಾರಿ ಗಮನಿಸಿ ಬೇರೆ ಬೇರೆ ದಿಕ್ಕಿಗೆ ಕಳಿಸಿದ್ದರಿಂದ ನಾನೂರಕ್ಕೂ ಹೆಚ್ಚು ಜನ ಉಳಿದರು.

ಡಬ್ಬಿಯೊಂದೇ ಕಾಯುತ್ತದೆ ಅನ್ನುವುದೂ ಸುಳ್ಳು. 2002ರಲ್ಲಿ ಜರ್ಮನಿಯ ಊಬರ್‌ಲಿಂಗೆನ್ ಮೇಲೆ ಡಿಕ್ಕಿಯಾದ ಎರಡೂ ವಿಮಾನಗಳಲ್ಲಿ ಟಿಕಾಸ್ ಇತ್ತು, ಎರಡೂ ಸರಿಯಾಗಿಯೇ ಹೇಳಿತ್ತು. ಒಬ್ಬರು ಯಂತ್ರದ ಮಾತು ಕೇಳಿ ಇಳಿದರು, ಇನ್ನೊಬ್ಬರು ನೆಲದ ಮೇಲಿನ ಕಂಟ್ರೋಲರ್ ಮಾತು ಕೇಳಿ ಇಳಿದರು. 71 ಜನ ಹೋದರು, ಅದರಲ್ಲಿ ಬಹಳಷ್ಟು ಮಕ್ಕಳು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಡಾಂಗಲ್ ತೆಗೆದುಕೊಂಡು ಹೋಗಿದ್ದೆ. ಅಂಗಳದಲ್ಲಿ ಅಡಿಕೆ ದಬ್ಬೆಗೆ ಆಂಟೆನಾ ಕಟ್ಟಿ ಲ್ಯಾಪ್‌ಟಾಪ್ ತೆರೆದೆ. ಮೂವತ್ತೈದು ಸಾವಿರ ಅಡಿಯ ವಿಮಾನಗಳು ಸಾಲಾಗಿ ಬಂದವು. ಅಮ್ಮ ಬಂದು ನೋಡಿ, "ಕೆಳಗೆ ಹಾರೋದು ಒಂದೂ ಇಲ್ವನಾ?" ಅಂದಳು. ಇದ್ದರೂ ಇಲ್ಲಿ ಕಾಣಲ್ಲ ಅಮ್ಮ, ಗುಡ್ಡ ಅಡ್ಡ ಇದೆ ಅಂದೆ. ಈ ಸಿಗ್ನಲ್ ಗುಡ್ಡ ದಾಟುವುದಿಲ್ಲ. ಇನ್ನು ಎಡಿಎಸ್-ಬಿ ಹಾಕಿಕೊಳ್ಳದ ಹಳೇ ವಿಮಾನ ಕಣ್ಣೆದುರು ಹಾದರೂ ಸ್ಕ್ರೀನ್ ಖಾಲಿಯೇ.

ಗೆಳೆಯ ಈಗ ಲೈಸೆನ್ಸ್ ಪಡೆದಿದ್ದಾನೆ. ಇಂಥದ್ದೊಂದು ಇಟ್ಟುಕೊಂಡರೆ ಹೇಗೆ ಅಂತ ಕೇಳಿದ. ನಿಯಮ ಒಪ್ಪುವುದಾದರೆ ಇಟ್ಟುಕೋ, ಅದು ತೋರಿಸಿದ ಕಡೆ ಮೊದಲು ನೋಡು, ತೋರಿಸದ ಕಡೆಯೂ ನೋಡು ಅಂದೆ. "ನಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದೂ ಇದೇ, ನಿನ್ನ ಹತ್ರ ಕೇಳಿದ್ದು ದಂಡ" ಅಂತ ನಕ್ಕ.

ಹಬ್ಬ ಮುಗಿಸಿ ಕಾರಿನಲ್ಲಿ ವಾಪಸ್ ಹೊರಟೆ. ಊರು ದಾಟಿ ಒಂದು ದೊಡ್ಡ ತಿರುವು ಬಂತು. ಹಾಡು ನಿಲ್ಲಿಸಿ, ಗ್ಲಾಸ್ ಇಳಿಸಿ, ಹಾರ್ನ್ ಹೊಡೆದೆ. ಆ ಕಡೆಯಿಂದ ಉತ್ತರ ಬರಲಿಲ್ಲ. ಆದ್ರೂ ಸ್ಲೋ ಮಾಡಿದೆ. ಅಡಿಕೆ ಮೂಟೆ ತುಂಬಿದ ಜೀಪೊಂದು ಸದ್ದಿಲ್ಲದೆ ನನ್ನ ಸೈಡಿನಲ್ಲೇ ಬಂತು.