ವಾಹನದ ವಯಸ್ಸು ಮತ್ತು ಅಪಘಾತದ ಅಪಾಯ

ಸೊಲ್ಲಾಪುರ–ಅಕ್ಕಲಕೋಟ ರಸ್ತೆಯಲ್ಲಿರುವ ವಳಸಂಗದ ಮುಂದೆ ಹೊಸ ಕಾರು, ಹಳೆಯ ಜೀಪು, ಕಬ್ಬಿನ ಟ್ರ್ಯಾಕ್ಟರು, ಸ್ವಾಮಿ ಸಮರ್ಥರ ದರ್ಶನಕ್ಕೆ ಹೊರಟವರ ವಾಹನ ಎಲ್ಲವೂ ಒಟ್ಟಿಗೆ ಸಾಗುತ್ತವೆ. ಅಪಘಾತವಾದರೆ ಒಳಗಿದ್ದವರು ಬದುಕುಳಿಯುವ ಸಂಭವ ಮಾತ್ರ ಎಲ್ಲದರಲ್ಲಿಯೂ ಒಂದೇ ಅಲ್ಲ. ಅದನ್ನು ನಿರ್ಧರಿಸುವ ಸಂಗತಿಗಳಲ್ಲಿ ವಾಹನದ ವಯಸ್ಸೂ ಒಂದು.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಂತೆ, 1984ಕ್ಕೂ ಹಿಂದಿನ ಕಾರುಗಳಲ್ಲಿ ಗಾಯವಾಗುವ ಅಪಾಯವು 1994ರ ನಂತರದ ಕಾರುಗಳಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು ಸಾವು ಸಂಭವಿಸಿದ ಅಪಘಾತಗಳನ್ನು ಪರಿಶೀಲಿಸಿ 2013ರಲ್ಲಿ ವರದಿ ನೀಡಿತು. ಅದರಂತೆ, ಮೂರು ವರ್ಷದೊಳಗಿನ ವಾಹನದ ಚಾಲಕನಿಗಿಂತ 18 ವರ್ಷ ಮೀರಿದ ವಾಹನದ ಚಾಲಕನು ಸಾಯುವ ಸಂಭವ ಶೇ. 71ರಷ್ಟು ಹೆಚ್ಚು.

ಇದಕ್ಕೆ ಕಾರಣಗಳು ಎರಡು. ಮೊದಲನೆಯದು ಸವಕಳಿ: ಬ್ರೇಕು, ಸ್ಟೇರಿಂಗು, ಟೈರು, ದೀಪಗಳು ದುರ್ಬಲವಾಗುತ್ತವೆ, ತುಕ್ಕು ಹಿಡಿದ ಚೌಕಟ್ಟು ಹೊಡೆತ ತಾಳದು. ಎರಡನೆಯದು ವಿನ್ಯಾಸ. ಭಾರತದಲ್ಲಿ ಚಾಲಕನ ಏರ್‌ಬ್ಯಾಗು, ಎಬಿಎಸ್ ಬ್ರೇಕು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಅದೇ ವರ್ಷ 125 ಸಿಸಿ ಮೀರಿದ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಯಿತು. ಹಿಂದಿನ ಅನೇಕ ವಾಹನಗಳಲ್ಲಿ ಇವು ಇಲ್ಲ.

ಫಿಟ್‌ನೆಸ್ ಪ್ರಮಾಣಪತ್ರವು ಸವಕಳಿಯನ್ನು ಗುರುತಿಸಬಲ್ಲದು. ಇಲ್ಲದ ಏರ್‌ಬ್ಯಾಗನ್ನು ತಂದುಕೊಡಲಾರದು. ಬಾಡಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಬಳಿಕ ಪ್ರತಿ ವರ್ಷ ಈ ಪರೀಕ್ಷೆಯಾಗಬೇಕು. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ತಪಾಸಣೆಯ ನಂತರ ಐದು ವರ್ಷಕ್ಕೆ ನವೀಕರಣವಾಗುತ್ತದೆ.

ವಿಜಯಪುರ, ಕಲಬುರಗಿ ಕಡೆಯಿಂದ ಹಳೆಯ ವಾಹನ ಕೊಳ್ಳುವವರು ಬೆಲೆಗೂ ಮೊದಲು ನೋಂದಣಿ ಪುಸ್ತಕದಲ್ಲಿ ತಯಾರಿಕೆಯ ವರ್ಷವನ್ನು ನೋಡಬೇಕು. ಟೈರಿನ ಮೇಲಿನ ನಾಲ್ಕು ಅಂಕಿಗಳನ್ನೂ ಓದಬೇಕು. ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. ವಾಹನವನ್ನು ಹನ್ನೆರಡು ತಿಂಗಳು ಮೀರಿ ಮಹಾರಾಷ್ಟ್ರದಲ್ಲಿ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯುವುದು ಅಗತ್ಯ.

ಹೊಸ ವಾಹನವೂ ಅತಿವೇಗಕ್ಕೆ ರಕ್ಷೆಯಲ್ಲ. ಸೀಟ್‌ಬೆಲ್ಟು ಕಟ್ಟದವನಿಗೆ ಏರ್‌ಬ್ಯಾಗು ಸಾಲದು. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ನಿಜ. ಆದರೆ ಮಕ್ಕಳ ವಿಷಯದಲ್ಲಿ ಕೇಳುವ ಹಕ್ಕು ಎಲ್ಲರಿಗೂ ಇದೆ. ಮಹಾರಾಷ್ಟ್ರದ 2011ರ ಶಾಲಾ ಬಸ್ ನಿಯಮಗಳಂತೆ ಪ್ರತಿ ಶಾಲೆಯಲ್ಲಿಯೂ ಸಾರಿಗೆ ಸಮಿತಿ ಇರಬೇಕು. ಅದರಲ್ಲಿ ಪಾಲಕರಿಗೂ ಸ್ಥಾನವಿದೆ. ಕನ್ನಡ ಶಾಲೆಗಳ ಪಾಲಕರು ಆ ಸಭೆಗೆ ಹೋಗಿ ಮಕ್ಕಳನ್ನು ಕರೆದೊಯ್ಯುವ ವಾಹನದ ವಯಸ್ಸೆಷ್ಟು, ಫಿಟ್‌ನೆಸ್ ಅವಧಿ ಎಂದಿನವರೆಗೆ ಎಂದು ಕೇಳಲಿ.