ಪಾನಕದ ಹಣ್ಣು, ತಂಬುಳಿಯ ಸೊಪ್ಪು

ಚೈತ್ರದ ಬಿಸಿಲು ನೆತ್ತಿ ಸುಡುವ ಹೊತ್ತಿಗೆ ರಾಮನವಮಿ ಬರುತ್ತದೆ. ಅಂದು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕರಲ್ಲಿ ಯಾವ ಊರಿಗೆ ಹೋದರೂ ಗುಡಿಯ ಮುಂದೆ ಕೊಳಗದ ತುಂಬ ಪಾನಕ, ಪಕ್ಕದಲ್ಲಿ ಕೋಸಂಬರಿ, ನೀರುಮಜ್ಜಿಗೆ. ಬೆಲ್ಲದ ಪಾನಕ ಕಂದು ಬಣ್ಣ, ಕರಬೂಜದ್ದು ತಿಳಿ ಕೇಸರಿ, ಬೇಲದ ಹಣ್ಣಿನದು ಹುಣಸೆಯ ಬಣ್ಣ. ಹಸಿರು ಬಣ್ಣದ ಪಾನಕ ಹಂಚುವ ರೂಢಿ ಮಾತ್ರ ಎಲ್ಲಿಯೂ ಇಲ್ಲ.

ಹಾಗೆಂದು ಸೊಪ್ಪನ್ನು ಅರೆದು ಕುಡಿಯುವುದು ಈ ಸೀಮೆಗೆ ಗೊತ್ತಿಲ್ಲವೆಂದಲ್ಲ. ನ್ಯಾಮತಿಯಿಂದ ಪಶ್ಚಿಮಕ್ಕೆ ಹೊರಟು ಮಲೆನಾಡಿನ ಸೆರಗನ್ನು ಮುಟ್ಟಿದರೆ ಬೇಸಿಗೆಯ ಊಟಕ್ಕೆ ತಂಬುಳಿ ಬೇಕೇ ಬೇಕು. ದೊಡ್ಡಪತ್ರೆಯದೋ ಒಂದೆಲಗದ್ದೋ, ಅನ್ನಕ್ಕೆ ಕಲಸಿ ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಕುಡಿಯುವುದು ಅಲ್ಲಿ ಸಾಮಾನ್ಯ. ಹಣ್ಣಿಗೆ ಪಾನಕ, ಸೊಪ್ಪಿಗೆ ತಂಬುಳಿ. ಒಂದು ಸಿಹಿ, ಇನ್ನೊಂದು ಹುಳಿ. ಒಂದು ಗುಡಿಯ ಮುಂದಿನದು, ಇನ್ನೊಂದು ಅಡುಗೆಮನೆಯದು. ಶತಮಾನಗಳ ಕಾಲ ಇವೆರಡೂ ಬೇರೆ ಬೇರೆ ಪಾತ್ರೆಯಲ್ಲೇ ಉಳಿದವು.

ಈಗ ಪಾಲಕ್ ಸೊಪ್ಪು, ಬಾಳೆಹಣ್ಣು, ನಿಂಬೆರಸ ಮೂರನ್ನೂ ಒಂದೇ ಮಿಕ್ಸಿ ಜಾರಿಗೆ ಹಾಕಿ ತಿರುಗಿಸಿ ಬೆಳಗಿನ ತಿಂಡಿಯ ಜೊತೆ ಕುಡಿಯುವವರು ಹೆಚ್ಚುತ್ತಿದ್ದಾರೆ. ಅದಕ್ಕೆ ಹಸಿರು ಸ್ಮೂದಿ ಎಂದು ಹೆಸರು. ಹೆಸರು ಕಡಲಾಚೆಯದು. ಲೋಟದೊಳಗಿನದು ಎಷ್ಟರ ಮಟ್ಟಿಗೆ ಹೊಸದು, ಎಷ್ಟರ ಮಟ್ಟಿಗೆ ನಮ್ಮದೇ ಎಂಬುದನ್ನು ನೋಡಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಕುಡಿಯುವ ಪದಾರ್ಥಗಳನ್ನು ಶಾಸ್ತ್ರವಾಗಿ ಬರೆದಿಟ್ಟ ಪರಂಪರೆ ಕನ್ನಡ ನಾಡಿನಲ್ಲಿ ದೀರ್ಘವಾದದ್ದು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಕ್ರಿ.ಶ. 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಬೇಸಾಯ, ವೃಕ್ಷಾಯುರ್ವೇದ, ಬಾವಿ ತೋಡುವ ವಿದ್ಯೆಗಳ ನಡುವೆ ಸೂಪಶಾಸ್ತ್ರಕ್ಕೂ ಒಂದು ಜಾಗವಿದೆ. ಜನಸಾಮಾನ್ಯರಿಗೆ ಉಪಯೋಗವಾಗಲೆಂದು ಕನ್ನಡದಲ್ಲಿ ಬರೆದ ಗ್ರಂಥವದು. ಒಂದು ಶತಮಾನದ ನಂತರ ಅದೇ ವಂಶದ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಬರೆದಾಗ ಅರಸನ ಭೋಗಗಳಲ್ಲಿ ಅನ್ನಭೋಗದಂತೆ ಪಾನೀಯಭೋಗವನ್ನೂ ಪ್ರತ್ಯೇಕವಾಗಿಯೇ ಎಣಿಸಿದ. ಹೂವಿನ ಪರಿಮಳ ಕಟ್ಟಿದ ನೀರಿನ ವಿಚಾರ ಅಲ್ಲಿ ಬರುತ್ತದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಕನ್ನಡ ಷಟ್ಪದಿಯಲ್ಲಿ ರಚಿಸಿ ಪಾನಕಗಳಿಗೂ ಒಂದು ಅಧ್ಯಾಯ ಕೊಟ್ಟ.

ಈ ಸಾಲಿನ ಕೊನೆಯ ದೊಡ್ಡ ಗ್ರಂಥ ಚನ್ನಗಿರಿಯ ನೆರಳಿಗೇ ಬರುತ್ತದೆ. ಊರಿಗೆ ಆ ಹೆಸರು ಬಂದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಎಂದು ಪ್ರತೀತಿ. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಸುಮಾರು ಇಪ್ಪತ್ತೈದು ವರ್ಷ ರಾಜ್ಯವಾಳಿದ ಆಕೆಯ ದತ್ತುಮಗ ಬಸವಪ್ಪ ನಾಯಕನೇ ‘ಶಿವತತ್ತ್ವರತ್ನಾಕರ’ದ ಕರ್ತೃ. ಸಂಸ್ಕೃತದ ಈ ವಿಶ್ವಕೋಶ 1709ರ ಸುಮಾರಿನದು. ಜ್ಯೋತಿಷ, ಸಂಗೀತ, ರಾಜನೀತಿಗಳ ಜೊತೆಗೆ ಅಡುಗೆಮನೆ ಹೇಗಿರಬೇಕು, ಯಾವ ಪದಾರ್ಥಕ್ಕೆ ಯಾವ ಲೋಹದ ಪಾತ್ರೆ ಹಿತ ಎಂಬ ವಿವರಗಳೂ ಅದರಲ್ಲಿವೆ. ಔರಂಗಜೇಬನ ಸೈನ್ಯವನ್ನು ಎದುರಿಸಿದ ರಾಣಿಯ ಮಗನಿಗೆ ಪಾತ್ರೆಪಡಗದ ವಿಚಾರ ಬರೆಯಲು ಸಂಕೋಚ ಅನ್ನಿಸಲಿಲ್ಲ.

ಆದರೆ ಇವೆಲ್ಲ ಹೆಚ್ಚಾಗಿ ಅರಮನೆಯ, ಉಳ್ಳವರ ಊಟದ ದಾಖಲೆಗಳು. ತಂಬುಳಿಯ ಚರಿತ್ರೆ ಉಳಿದಿರುವುದು ಒರಳಿನ ಮುಂದೆ ಕುಳಿತ ಹೆಂಗಸರ ಕೈಯಲ್ಲಿ. ತಂಪು ಮತ್ತು ಹುಳಿ ಸೇರಿ ತಂಬುಳಿ ಎಂದು ಹೆಸರಿನ ಅರ್ಥ ಹೇಳುವುದುಂಟು. ಮಾಡುವ ಕ್ರಮ ಸರಳ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದರಲ್ಲೇ ಸೊಪ್ಪನ್ನು ಬಾಡಿಸಿ, ಕಾಯಿತುರಿಯೊಡನೆ ನುಣ್ಣಗೆ ಅರೆದು ಮಜ್ಜಿಗೆಗೆ ಬೆರೆಸಿದರೆ ಆಯಿತು. ಒಂದೆಲಗವನ್ನು ಬಾಡಿಸದೆ ಹಸಿಯಾಗಿಯೇ ಅರೆಯುವವರೂ ಇದ್ದಾರೆ. ಮತ್ತೆ ಕುದಿಸುವ ಕೆಲಸವಿಲ್ಲ. ಎಳೆ ಚಿಗುರುಗಳನ್ನೆಲ್ಲ ಸೇರಿಸಿ ಮಾಡುವ ಕುಡಿ ತಂಬುಳಿಯೂ ಉಂಟು, ನೆಲ್ಲಿಕಾಯಿಯದೂ ಉಂಟು. ಈ ಕೊನೆಯದರಲ್ಲಿ ಹಣ್ಣೂ ಮಜ್ಜಿಗೆಯೂ ಕೂಡಿದ್ದವು. ಸೊಪ್ಪು ಮಾತ್ರ ಹೊರಗೇ ನಿಂತಿತ್ತು.

ಪೂರ್ವಕ್ಕೆ, ಜಗಳೂರಿನ ಕಡೆಗೆ ಬಂದಂತೆ ನೆಲವೂ ಊಟವೂ ಬದಲಾಗುತ್ತದೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಹುಟ್ಟುವವರೆಗೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಆಡಳಿತದ ಆ ಹಳೆಯ ಗೆರೆ ಊಟದ ತಟ್ಟೆಯಲ್ಲಿ ಇನ್ನೂ ಅಳಿಸಿಲ್ಲ. ಮಳೆಯನ್ನೇ ನಂಬಿದ ಜಗಳೂರಿನಲ್ಲಿ ರಾಗಿ, ಜೋಳಗಳ ಊಟ. ಬಾಯಾರಿಕೆಗೆ ಅಂಬಲಿ ಮತ್ತು ಮಜ್ಜಿಗೆ. ಸೊಪ್ಪು ಎಂದರೆ ಅಲ್ಲಿ ಹಿತ್ತಲಿನದಲ್ಲ, ಹೊಲದ್ದು. ಮಳೆ ಬಿದ್ದ ಮೇಲೆ ಬೆಳೆಯ ಸಾಲಿನ ನಡುವೆ ತಾನಾಗಿ ಹುಟ್ಟುವ ಅಣ್ಣೆ ಸೊಪ್ಪು, ಕಿರಕಸಾಲೆ, ಗೋಣಿ ಸೊಪ್ಪು, ಕೆರೆಯ ಅಂಚಿನ ಹೊನಗೊನ್ನೆ ಎಲ್ಲವನ್ನೂ ಕಳೆ ತೆಗೆಯುವಾಗ ಮಡಿಲಿಗೆ ಕಿತ್ತು ಹಾಕಿಕೊಂಡು ಬಂದರೆ ಅದೇ ಬೆರಕೆ ಸೊಪ್ಪು. ಬೇಯಿಸಿ, ಬಸಿದು, ಬಸಿದ ನೀರನ್ನೂ ಚೆಲ್ಲದೆ ಬಸ್ಸಾರು ಮಾಡುವುದು ಬಯಲುಸೀಮೆಯ ಜಾಣ್ಮೆ. ನೀರಿಗಿಳಿದ ಸತ್ವ ನೀರಿನ ಜೊತೆಗೇ ಹೊಟ್ಟೆ ಸೇರುತ್ತದೆ. ಸಂತ ಸೇವಾಲಾಲರ ಜನ್ಮಸ್ಥಳವಾದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಪ್ರತಿ ವರ್ಷ ಲಂಬಾಣಿಗರು ಸಾವಿರಾರು ಸಂಖ್ಯೆಯಲ್ಲಿ ಬರುತ್ತಾರೆ. ಅವರ ಬಾಟಿ-ಭಾಜಿಯಲ್ಲಿಯೂ ರೊಟ್ಟಿಗೆ ಜೊತೆಯಾಗುವುದು ಸೊಪ್ಪೇ.

ಹಣ್ಣನ್ನೂ ಸೊಪ್ಪನ್ನೂ ಒಂದೇ ಪಾತ್ರೆಗೆ ತಂದದ್ದು ಯಂತ್ರ. ಒರಳುಕಲ್ಲಿನಲ್ಲಿ ಬಾಳೆಹಣ್ಣು ರುಬ್ಬಿ ಪಾನೀಯ ಮಾಡಬಹುದಿತ್ತು, ನಿಜ. ಆದರೆ ಬೆಳಗಿನ ಹೊತ್ತು ಒಂದು ಲೋಟಕ್ಕಾಗಿ ಅಷ್ಟು ಕೆಲಸವನ್ನು ಯಾರು ಮಾಡುತ್ತಾರೆ, ಆಮೇಲೆ ಕಲ್ಲು ತೊಳೆಯುವವರು ಯಾರು? ಅಮೆರಿಕದಲ್ಲಿ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬಾತ 1922ರಲ್ಲಿ ಪಾತ್ರೆಯ ತಳದಲ್ಲಿ ತಿರುಗುವ ಅಲಗನ್ನು ಅಳವಡಿಸಿದ. ವಾದ್ಯವೃಂದದ ಮುಖ್ಯಸ್ಥನಾಗಿದ್ದ ಫ್ರೆಡ್ ವೇರಿಂಗ್ 1937ರಲ್ಲಿ ಅಂಥದೇ ಯಂತ್ರವನ್ನು ಮಾರುಕಟ್ಟೆಗೆ ತಂದ. ಆ ಯಂತ್ರಗಳು ಮೆತ್ತನೆಯ ಹಣ್ಣು, ಹಾಲು, ಮಂಜುಗಡ್ಡೆಗೆ ಸರಿಯಾಗಿದ್ದವು. ನಮ್ಮ ಚಟ್ನಿ, ಇಡ್ಲಿ ಹಿಟ್ಟು, ಒಣಮೆಣಸಿನಕಾಯಿಯ ಮುಂದೆ ಸುಟ್ಟುಹೋಗುತ್ತಿದ್ದವು. ಮುಂಬಯಿಯ ಎಂಜಿನಿಯರ್ ಸತ್ಯಪ್ರಕಾಶ್ ಮಾಥುರ್ 1960ರ ದಶಕದಲ್ಲಿ ‘ಸುಮೀತ್’ ಮಿಕ್ಸಿಯನ್ನು ರೂಪಿಸಿದ್ದು ಇದೇ ಕಾರಣಕ್ಕೆ. ಮನೆಯಲ್ಲಿದ್ದ ವಿದೇಶಿ ಯಂತ್ರ ಕೆಟ್ಟುನಿಂತದ್ದೇ ಅದಕ್ಕೆ ನೆಪವಾಯಿತಂತೆ.

ಪಟ್ಟಣಕ್ಕೆ ಮಿಕ್ಸಿ ಬಂದ ಕೂಡಲೇ ಹಳ್ಳಿಗೆ ಬರಲಿಲ್ಲ. ಕರ್ನಾಟಕ ಸರ್ಕಾರದ ಭಾಗ್ಯಜ್ಯೋತಿ ಯೋಜನೆ 1979-80ರಲ್ಲಿ ಬಡವರ ಮನೆಗೆ ವಿದ್ಯುತ್ ಕೊಟ್ಟಾಗ ಕೊಟ್ಟದ್ದು ಒಂದು ದೀಪವನ್ನು ಮಾತ್ರ. ಒರಳುಕಲ್ಲು ಹಿತ್ತಲಿಗೆ ಸರಿದದ್ದು ಬಹಳ ನಿಧಾನವಾಗಿ. ಅದು ಸರಿದಾಗ ರಟ್ಟೆಯ ನೋವು ಕಡಿಮೆಯಾಯಿತು, ಮತ್ತು ಒಂದು ಲೋಟಕ್ಕಾಗಿ ಅರೆಯುವುದು ಮೊದಲ ಬಾರಿಗೆ ಸುಲಭವೆನ್ನಿಸಿತು.

ಇತ್ತ ಅಮೆರಿಕದಲ್ಲಿ ಹಣ್ಣಿನ ಸ್ಮೂದಿ 1970ರ ದಶಕದಲ್ಲಿ ಅಂಗಡಿ ವ್ಯಾಪಾರವಾಗಿ ಬೆಳೆಯಿತು. ಅದಕ್ಕೆ ಸೊಪ್ಪು ಸೇರಿಸುವುದನ್ನು ಪ್ರಚಾರಕ್ಕೆ ತಂದವರು ರಷ್ಯಾದಿಂದ ವಲಸೆ ಹೋಗಿದ್ದ ವಿಕ್ಟೋರಿಯಾ ಬೂಟೆಂಕೊ. ಚಿಂಪಾಂಜಿಗಳು ಹಣ್ಣಿನ ಜೊತೆ ಎಲೆಗಳನ್ನೂ ಹೇರಳವಾಗಿ ತಿನ್ನುತ್ತವೆ ಎಂಬುದು ಅವರಿಗೆ ಸ್ಫೂರ್ತಿ. 2005ರ ಅವರ ಪುಸ್ತಕದ ನಂತರ ಹಸಿರು ಲೋಟ ಜಗತ್ತು ಸುತ್ತಿತು. ಅದರ ಬಗ್ಗೆ ಹೇಳುವ ಪವಾಡಗಳನ್ನು ನಂಬಬೇಕಾಗಿಲ್ಲ. ಒಂದು ಲೋಟ ಸೊಪ್ಪಿನ ರಸದಿಂದ ದೇಹದ ವಿಷವೆಲ್ಲ ತೊಳೆದುಹೋಗುವುದಿಲ್ಲ. ಆ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ.

ಆದರೂ ಹಣ್ಣು-ಸೊಪ್ಪುಗಳ ಈ ಕೂಟಕ್ಕೆ ಒಂದು ಗಟ್ಟಿ ಆಧಾರವಿದೆ, ಮತ್ತು ಅದು ನಮ್ಮ ಹೆಣ್ಣುಮಕ್ಕಳ ಆರೋಗ್ಯಕ್ಕೆ ಸಂಬಂಧಪಟ್ಟದ್ದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಶೇ. 48. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆಯೆಂದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಸೊಪ್ಪಿನ ಕಬ್ಬಿಣವನ್ನು ಕರುಳು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದರ ಜೊತೆಗೇ ‘ಸಿ’ ಜೀವಸತ್ವ ಹೊಟ್ಟೆಗೆ ಹೋದರೆ ಹೀರಿಕೆ ಹೆಚ್ಚುತ್ತದೆ. ಹಾಲು, ಮೊಸರಿನಲ್ಲಿರುವ ಸುಣ್ಣದ ಅಂಶ ಅದಕ್ಕೆ ಕೊಂಚ ಅಡ್ಡಿ. ಕಾಫಿ, ಚಹಾ ಇನ್ನೂ ಹೆಚ್ಚಿನ ಅಡ್ಡಿ. ಅಂದರೆ ಸೊಪ್ಪಿಗೆ ಮಜ್ಜಿಗೆಗಿಂತ ನಿಂಬೆ, ನೆಲ್ಲಿ, ಸೀಬೆಗಳೇ ಒಳ್ಳೆಯ ಜೊತೆ. ನೂರು ಗ್ರಾಂ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ‘ಸಿ’ ಜೀವಸತ್ವವಿರುತ್ತದೆ. ನಿಂಬೆಯಲ್ಲಿ ಇಷ್ಟಿಲ್ಲ. ತಂಬುಳಿಗೆ ಕಾಣದೆ ಹೋದ ಈ ಲಾಭವನ್ನು ಹೊಸ ಲೋಟ ಕಂಡುಕೊಂಡಿದೆ ಎನ್ನಬೇಕು.

ತಂಬುಳಿಗೆ ಗೊತ್ತಿದ್ದ ಇನ್ನೊಂದನ್ನು ಹೊಸ ಲೋಟ ಮರೆತಿದೆ. ಅದು ತುಪ್ಪ. ಸೊಪ್ಪಿನಲ್ಲಿರುವ, ‘ಎ’ ಜೀವಸತ್ವವಾಗಿ ಮಾರ್ಪಡುವ ಕೆರೋಟಿನ್ ಜಿಡ್ಡಿನಲ್ಲಿ ಮಾತ್ರ ಕರಗುವಂಥದು. ಜಿಡ್ಡಿಲ್ಲದೆ ಕುಡಿದ ಸೊಪ್ಪಿನಿಂದ ಅದು ದೇಹಕ್ಕೆ ದಕ್ಕುವುದು ಕಡಿಮೆ. ಒಂದು ಚಮಚ ತುಪ್ಪ, ಒಂದು ಹಿಡಿ ಕಾಯಿತುರಿ ಹಾಕಿದ ಅಜ್ಜಿಯರು ರುಚಿಗಾಗಿ ಹಾಕಿದರೋ ಏನೋ, ಕೆಲಸ ಮಾತ್ರ ಸರಿಯಾಗಿಯೇ ನಡೆಯಿತು. ಹಾಗಾಗಿ ಎರಡು ಪರಂಪರೆಗಳೂ ಒಂದರಿಂದೊಂದು ಕಲಿಯುವಂಥದು ಇದೆ.

ಮನೆಯಲ್ಲಿ ಮಾಡುವವರು ಇದನ್ನು ನೆನಪಿಟ್ಟರೆ ಸಾಕು, ಹತ್ತು ನಿಮಿಷದ ಕೆಲಸ. ಇಬ್ಬರಿಗೆ ಎರಡು ಹಿಡಿ ಎಳೆ ಪಾಲಕ್ ಅಥವಾ ಒಂದು ಹಿಡಿ ಒಂದೆಲಗ. ನುಗ್ಗೆ ಸೊಪ್ಪಾದರೆ ಕುದಿಯುವ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆಯುವುದು ಲೇಸು, ಒಗರು ಇಳಿಯುತ್ತದೆ. ಸೊಪ್ಪನ್ನು ಎರಡು ಮೂರು ನೀರಿನಲ್ಲಿ ತೊಳೆಯಬೇಕು, ಹಸಿಯಾಗಿ ಕುಡಿಯುವುದರಿಂದ ಇದರಲ್ಲಿ ಉದಾಸೀನ ಸಲ್ಲದು. ಮೊದಲು ಸೊಪ್ಪನ್ನು ಸ್ವಲ್ಪ ನೀರಿನೊಡನೆ ನುಣ್ಣಗೆ ತಿರುಗಿಸಿ, ಆಮೇಲೆ ಒಂದು ಮಾಗಿದ ಬಾಳೆಹಣ್ಣು, ಬೀಜ ತೆಗೆದ ಒಂದು ಸೀಬೆ, ಚೂರು ಶುಂಠಿ, ಒಂದು ಚಮಚ ಕಾಯಿತುರಿ ಸೇರಿಸಿ ಮತ್ತೆ ತಿರುಗಿಸುವುದು. ಕೊನೆಗೆ ಅರ್ಧ ನಿಂಬೆಹಣ್ಣಿನ ರಸ. ಬಾಳೆಹಣ್ಣು ಕಳಿತಿದ್ದರೆ ಬೆಲ್ಲ ಸಕ್ಕರೆಯ ಹಂಗಿಲ್ಲ. ಸೋಸಬಾರದು, ಸೋಸಿದರೆ ನಾರೆಲ್ಲ ಜರಡಿಯ ಪಾಲು. ಮಾಡಿದ ಕೂಡಲೇ ಕುಡಿಯಬೇಕು, ಇಟ್ಟಷ್ಟೂ ಬಣ್ಣವೂ ‘ಸಿ’ ಜೀವಸತ್ವವೂ ಇಳಿಯುತ್ತವೆ. ಹಾಲು ಹಾಕಲೇಬೇಕೆನ್ನುವವರು ಚರಕ ಸಂಹಿತೆ ಹಾಲನ್ನೂ ಹುಳಿ ಹಣ್ಣನ್ನೂ ವಿರುದ್ಧಾಹಾರದ ಪಟ್ಟಿಯಲ್ಲಿ ಇಟ್ಟಿರುವುದನ್ನು ಗಮನಿಸಬಹುದು. ಶಾಸ್ತ್ರ ಬೇಡವೆಂದರೂ ನಿಂಬೆ ಬಿದ್ದ ಹಾಲು ಒಡೆಯುವುದಂತೂ ಖಂಡಿತ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆಯಿದ್ದವರಿಗೆ ದಿನಾ ಹಸಿ ಪಾಲಕ್ ಹೇಳಿದ್ದಲ್ಲ, ಅದರಲ್ಲಿ ಆಕ್ಸಲೇಟ್ ಬಹಳ. ಸಕ್ಕರೆ ಕಾಯಿಲೆಯವರು ಬಾಳೆಹಣ್ಣನ್ನು ಬಿಟ್ಟು ಸೀಬೆಯಲ್ಲೇ ತೃಪ್ತರಾಗುವುದು ಒಳಿತು.

ಹಣ್ಣಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಬರವಿಲ್ಲ. ಚನ್ನಗಿರಿಯ ಅಡಿಕೆ ತೋಟಗಳ ನಡುವೆ ಬಾಳೆ ಇದ್ದೇ ಇರುತ್ತದೆ, ಸೀಬೆ, ಪರಂಗಿ ಹಿತ್ತಲಲ್ಲಿ ಬೆಳೆಯುತ್ತವೆ. ಸೊಪ್ಪಿನದೇ ಈಗ ತೊಡಕು. ಭದ್ರಾ ನಾಲೆ ಮತ್ತು ಸೂಳೆಕೆರೆಯ ನೀರು ಮುಟ್ಟಿದಲ್ಲಿ ಭತ್ತ, ಅಡಿಕೆ ಹಬ್ಬಿದವು. ಮುಟ್ಟದಲ್ಲಿ ಮೆಕ್ಕೆಜೋಳ ಬಂದು, ದಾವಣಗೆರೆ ಅದಕ್ಕೇ ಹೆಸರಾಯಿತು. ಅಕ್ಕಡಿ ಸಾಲು ಹಾಕಿ ಹಲವು ಬೆಳೆ ಬೆಳೆಯುತ್ತಿದ್ದ ಹೊಲ ಒಂದೇ ಬೆಳೆಯ ಹೊಲವಾದಾಗ, ಕಳೆ ತೆಗೆಯಲು ಕೂಲಿಯಾಳಿನ ಬದಲು ಕಳೆನಾಶಕ ಬಂದಾಗ, ಅಣ್ಣೆ ಸೊಪ್ಪು, ಗೋಣಿ ಸೊಪ್ಪುಗಳಿಗೆ ಹುಟ್ಟುವ ಜಾಗ ಹೋಯಿತು. ಹುಟ್ಟಿದರೂ ಔಷಧಿ ಹೊಡೆದ ಹೊಲದ್ದನ್ನು ಕಿತ್ತು ತರಲು ತಾಯಂದಿರಿಗೆ ಧೈರ್ಯವಿಲ್ಲ. ಮಡಿಲಿಗೆ ಬಿಟ್ಟಿಯಾಗಿ ಬೀಳುತ್ತಿದ್ದ ಸೊಪ್ಪಿಗೆ ಸಂತೆಯಲ್ಲಿ ಕಟ್ಟಿಗಿಷ್ಟೆಂದು ಕಾಸು ಕೊಡಬೇಕಾಯಿತು. ಸಂತೆಗೆ ಬರುವುದಾದರೂ ಪಾಲಕ್, ಮೆಂತ್ಯ, ಕೊತ್ತಂಬರಿ, ದಂಟುಗಳಂಥ ನಾಲ್ಕಾರು ಬಗೆ. ಹತ್ತಾರು ಸೊಪ್ಪು ಬೆರೆತ ಬೆರಕೆ ಸೊಪ್ಪಿನ ಹೆಸರುಗಳನ್ನು ಹೇಳಬಲ್ಲವರು ಈಗ ಬಹುತೇಕ ಅಜ್ಜಿಯರೇ.

ಹೊಲದಲ್ಲಿ ಹೋದದ್ದನ್ನು ಬಚ್ಚಲ ನೀರು ಹರಿಯುವ ಹಿತ್ತಲಲ್ಲಿ ಸ್ವಲ್ಪಮಟ್ಟಿಗೆ ಉಳಿಸಿಕೊಳ್ಳಬಹುದು. ಸೋಪಿನ ನೀರು ತಾಗದ ಕಡೆ ಒಂದು ನುಗ್ಗೆ, ತೇವವಿರುವ ಮೂಲೆಯಲ್ಲಿ ಒಂದೆಲಗ, ಬೇಲಿಗೆ ಬಸಳೆ. ದೊಡ್ಡಪತ್ರೆಗಂತೂ ಬೀಜವೂ ಬೇಡ, ಪಾತಿಯೂ ಬೇಡ. ಪಕ್ಕದ ಮನೆಯಿಂದ ಗೇಣುದ್ದದ ಕಡ್ಡಿ ಮುರಿದು ತಂದು ಒಡೆದ ಬಕೆಟ್ಟಿನ ಮಣ್ಣಿಗೆ ಚುಚ್ಚಿ, ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿದರೆ ತಿಂಗಳೊಳಗೆ ಚಿಗುರು ಕೈಗೆ ಬರುತ್ತದೆ.